ಪಠ್ಯಪುಸ್ತಕ ತಡವಾಗುವುದು ಅಚ್ಚುಮನೆಯಲ್ಲಲ್ಲ

ಮಾನ್ಯ ಸಂಪಾದಕರೇ,

ಶಾಲೆ ಶುರುವಾದರೂ ಪಠ್ಯಪುಸ್ತಕ ಬಂದಿಲ್ಲ ಎಂಬ ದೂರು ಓದುಗರ ವಿಭಾಗಕ್ಕೆ ಹೊಸದಲ್ಲ. ಚರ್ಚೆ ಕಾಗದದ ಬೆಲೆ, ಟೆಂಡರು, ಸಾಗಣೆ ಇಷ್ಟರಲ್ಲೇ ಸುತ್ತಿ ನಿಲ್ಲುತ್ತದೆ. ಇಲ್ಲವೇ ಯಾರ ಪಾಠ ಸೇರಿತು, ಯಾರದ್ದು ಬಿಟ್ಟುಹೋಯಿತು ಎಂಬ ಜಗಳಕ್ಕೆ ತಿರುಗುತ್ತದೆ. ಅದಕ್ಕೂ ಹಿಂದಿನ ಹಂತದ ಬಗ್ಗೆ ಮಾತು ಕಡಿಮೆ. ಪಾಠ ಬರೆಯಲು ಒಪ್ಪಿಕೊಂಡವರು ಯಾಕೆ ಬರೆಯದೆ ದಿನ ದೂಡುತ್ತಾರೆ? ಕೊನೆಗೆ ಬರೆದುಕೊಟ್ಟದ್ದು ಯಾಕೆ ಮಕ್ಕಳ ತಲೆಗೆ ಹತ್ತುವುದಿಲ್ಲ? ವಿಜ್ಞಾನ ಮತ್ತು ಗಣಿತ ಪಠ್ಯ ರಚನೆಯ ಕೆಲಸ ಬಲ್ಲ ಕೆಲವು ಅಧ್ಯಾಪಕರು ಸೇರಿ ಬರೆಯುತ್ತಿರುವ ಪತ್ರ ಇದು. ಎರಡೂ ತೊಂದರೆಗಳ ಬೇರು ಒಂದೇ ಎಂಬುದು ನಮ್ಮ ವಾದ. ಪಾಠವನ್ನು ಪೀಠಿಕೆಯಿಂದ ಬರೆಯಲು ಕೂರುತ್ತೇವೆ. ಕೂರಬೇಕಾದದ್ದು ಪಾಠದ ಕೊನೆಯ ಪ್ರಶ್ನೆಗಳಿಂದ.

ತಡ ಮಾಡುವುದು ನಮ್ಮ ರಾಜ್ಯದ ಅಧ್ಯಾಪಕರ ವಿಶೇಷ ಗುಣವೇನೂ ಅಲ್ಲ. 1970ರ ದಶಕದಲ್ಲಿ ಇಸ್ರೇಲಿನಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಒಂದು ತಂಡ ಕಟ್ಟಿಕೊಂಡು, ತೀರ್ಮಾನ ತೆಗೆದುಕೊಳ್ಳುವ ಬಗೆಯನ್ನು ಪ್ರೌಢಶಾಲೆಯಲ್ಲಿ ಕಲಿಸಲು ಪಠ್ಯ ಬರೆಯಲು ಹೊರಟರು. ಒಂದು ವರ್ಷದ ಕೆಲಸದ ನಂತರ, ಇನ್ನೆಷ್ಟು ಕಾಲ ಬೇಕು ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದರು. ಎಲ್ಲರ ಅಂದಾಜೂ ಎರಡು ವರ್ಷದ ಆಸುಪಾಸಿನಲ್ಲೇ ಇತ್ತು. ಆಮೇಲೆ ತಂಡದಲ್ಲಿದ್ದ ಪಠ್ಯಕ್ರಮ ತಜ್ಞ ಸೆಮೂರ್ ಫಾಕ್ಸ್ ಅವರನ್ನು, ಇಂಥ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಿದಾಗ ಬಂದ ಉತ್ತರ: ಶೇಕಡ 40ರಷ್ಟು ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವಕ್ಕೆ ಏಳರಿಂದ ಹತ್ತು ವರ್ಷ ಬೇಕಾಯಿತು. ಇದನ್ನು ಬಲ್ಲ ಫಾಕ್ಸ್ ಅವರೇ ಚೀಟಿಯಲ್ಲಿ ಎರಡೂವರೆ ವರ್ಷದೊಳಗಿನ ಅಂದಾಜು ಬರೆದಿದ್ದರು! ಪುಸ್ತಕ ಮುಗಿದದ್ದು ಎಂಟು ವರ್ಷಕ್ಕೆ. ಅಷ್ಟರಲ್ಲಿ ಶಿಕ್ಷಣ ಇಲಾಖೆಗೆ ಅದರ ಆಸಕ್ತಿಯೇ ಹೋಗಿತ್ತು. ಆ ಪಠ್ಯ ಒಂದು ತರಗತಿಯನ್ನೂ ಕಾಣಲಿಲ್ಲ. ಮನುಷ್ಯರ ಅಂದಾಜು ಹೇಗೆ ದಾರಿ ತಪ್ಪುತ್ತದೆ ಎಂಬುದನ್ನೇ ಅಧ್ಯಯನ ಮಾಡುತ್ತಿದ್ದವರ ಕಥೆ ಇದು.

ಇದಕ್ಕೆ ಸೋಮಾರಿತನ ಎಂದು ಹೆಸರಿಟ್ಟರೆ ಕಾರಣ ಕಾಣುವುದಿಲ್ಲ. ಪಾಠ ಬರೆಯಲು ಆರು ತಿಂಗಳು ಕಳೆಯುವ ಅದೇ ಅಧ್ಯಾಪಕರು ಪ್ರಶ್ನೆಪತ್ರಿಕೆಯನ್ನು ಎರಡೇ ದಿನದಲ್ಲಿ ತಯಾರು ಮಾಡಿ ಲಕೋಟೆಗೆ ಅರಗು ಹಾಕುತ್ತಾರೆ. ಯಾಕೆಂದರೆ ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಇದೆ. ಯಾವ ಘಟಕಕ್ಕೆ ಎಷ್ಟು ಅಂಕ, ಜ್ಞಾನಕ್ಕೆಷ್ಟು, ಅನ್ವಯಕ್ಕೆಷ್ಟು, ಒಂದು ಅಂಕದ ಪ್ರಶ್ನೆ ಎಷ್ಟು, ನಾಲ್ಕು ಅಂಕದ್ದು ಎಷ್ಟು ಎಲ್ಲವೂ ಚೌಕಗಳಲ್ಲಿ ತುಂಬಿರುತ್ತದೆ. ಕೂತ ಕೂಡಲೇ ಯಾವ ಚೌಕ ಖಾಲಿ ಇದೆ ಎಂಬುದು ಕಣ್ಣಿಗೆ ಬೀಳುತ್ತದೆ. ಪಾಠ ಬರೆಯಲು ಬರುವ ಆದೇಶದಲ್ಲಿ ಏನಿರುತ್ತದೆ? 'ಅಧ್ಯಾಯ 4, ವಿದ್ಯುಚ್ಛಕ್ತಿ, 12 ಪುಟ ಮೀರದಂತೆ' ಎಂಬ ಒಂದು ಸಾಲು. ಅದು ಕೆಲಸವಲ್ಲ, ಕೆಲಸದ ಹೆಸರು. ಹೆಸರನ್ನು ಮುಂದಿಟ್ಟುಕೊಂಡು ಯಾರೂ ಕೂತು ಬರೆಯಲಾರರು. 'ವಿದ್ಯುತ್ತಿಲ್ಲದ ಇಂದಿನ ಜೀವನವನ್ನು ಊಹಿಸಲೂ ಸಾಧ್ಯವಿಲ್ಲ' ಎಂಬ ಪೀಠಿಕೆಯ ಸಾಲನ್ನು ಹತ್ತು ಸಲ ಬರೆದು ಅಳಿಸುತ್ತಾರೆ.

ಅಧ್ಯಾಯಕ್ಕೂ ಒಂದು ಪುಟದ ನೀಲನಕ್ಷೆ ಬೇಕು. ಅದರಲ್ಲಿ ಇರಬೇಕಾದ್ದು ನಾಲ್ಕೇ ಸಂಗತಿ. ಪಾಠ ಮುಗಿದಾಗ ವಿದ್ಯಾರ್ಥಿ ಮಾಡಿ ತೋರಿಸಬೇಕಾದ ಮೂರರಿಂದ ಐದು ಕೆಲಸಗಳು. 'ಅರ್ಥಮಾಡಿಕೊಳ್ಳುತ್ತಾನೆ', 'ತಿಳಿಯುತ್ತಾಳೆ' ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ನೋಡಿ ಪ್ರಶ್ನೆ ಕೇಳಲಾಗುವುದಿಲ್ಲ. 'ಎರಡು ರೋಧಕಗಳ ಸರಣಿ (ಒಂದರ ಹಿಂದೊಂದು) ಜೋಡಣೆಯಲ್ಲಿ ಪ್ರತಿಯೊಂದರ ವಿಭವಾಂತರ (ವೋಲ್ಟೇಜ್) ಲೆಕ್ಕ ಹಾಕುವುದು' ಎಂದಿದ್ದರೆ ಅದೇ ಅರ್ಧ ಪ್ರಶ್ನೆ. ಎರಡನೆಯದು, ಇಲ್ಲಿಗೆ ಬರುವ ಮೊದಲೇ ಅವರಿಗೆ ಬರಲೇಬೇಕಾದದ್ದು. ಇಲ್ಲಿ ಅದು ಭಿನ್ನರಾಶಿ ಕೂಡುವುದು ಮತ್ತು ತಲೆಕೆಳಗು ಮಾಡುವುದು. ಮೂರನೆಯದು, ಮಕ್ಕಳು ಮಾಡುವ ಎರಡು ಮೂರು ಖಚಿತ ತಪ್ಪುಗಳು. ನಾಲ್ಕನೆಯದು, ಕೊನೆಯ ಅಭ್ಯಾಸದ 12 ಪ್ರಶ್ನೆಗಳು, ಉತ್ತರ ಸಮೇತ.

ಮೂರನೆಯ ಚೌಕವನ್ನು ತಲೆಯಿಂದ ತುಂಬಬಾರದು. ಹತ್ತು ಹದಿನೈದು ಹಳೆಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ತಪ್ಪುಗಳನ್ನು ಗುಂಪು ಮಾಡಿದರೆ ಒಂದು ಸಂಜೆಗೆ ಮುಗಿಯುತ್ತದೆ. ವಿದ್ಯುತ್ ಪಾಠದಲ್ಲಿ ಇವು ಅನೇಕ ದೇಶಗಳಲ್ಲಿ ಹೆಚ್ಚೂಕಡಿಮೆ ಒಂದೇ. ಪ್ರವಾಹ ಬಲ್ಬಿನೊಳಗೆ ಹೋಗಿ ಖರ್ಚಾಗುತ್ತದೆ, ಆದ್ದರಿಂದ ಸರಣಿಯಲ್ಲಿರುವ ಎರಡು ಬಲ್ಬುಗಳಲ್ಲಿ ಮೊದಲನೆಯದು ಹೆಚ್ಚು ಬೆಳಗುತ್ತದೆ ಎಂಬುದು ಒಂದು. ಏನನ್ನೇ ಜೋಡಿಸಿದರೂ ಬ್ಯಾಟರಿ ಒಂದೇ ಪ್ರಮಾಣದ ಪ್ರವಾಹ ಕೊಡುತ್ತದೆ ಎಂಬುದು ಇನ್ನೊಂದು. ಈ ಎರಡನ್ನೂ ಇಟ್ಟುಕೊಂಡೇ ವಿದ್ಯಾರ್ಥಿ ಓಮ್‌ನ ನಿಯಮವನ್ನು ಬಾಯಿಪಾಠ ಒಪ್ಪಿಸಬಲ್ಲ, ಸೂತ್ರಕ್ಕೆ ಬೆಲೆ ಹಾಕಿ ಅಂಕವನ್ನೂ ಗಿಟ್ಟಿಸಬಲ್ಲ. ಪಠ್ಯ ಈ ನಂಬಿಕೆಯನ್ನು ನೇರವಾಗಿ ಕೆಣಕದಿದ್ದರೆ ಅದು ಕದಲುವುದಿಲ್ಲ. ಸರಿಯಾದದ್ದನ್ನು ಹೇಳಿದರೆ ಸಾಲದು. 'ಹೀಗನಿಸುತ್ತದೆ ಅಲ್ಲವೇ? ಹಾಗಾದರೆ ಬಲ್ಬಿನ ಎರಡೂ ಬದಿ ಪ್ರವಾಹ ಅಳೆಯುವ ಅಮ್ಮೀಟರ್ ಇಟ್ಟು ನೋಡಿ' ಎನ್ನಬೇಕು.

ಪ್ರಶ್ನೆಗಳನ್ನು ಮೊದಲು ಬರೆಯುವುದರ ಲಾಭ ಎರಡು. ಬರೆಯುವವರಿಗೆ ಖಾಲಿ ಹಾಳೆಯ ಭಯ ಹೋಗುತ್ತದೆ. ಪ್ರಶ್ನೆ ತಯಾರಿಸುವುದು ಅಧ್ಯಾಪಕರಿಗೆ ಕೈ ಕೂತ ಕೆಲಸ. ಇನ್ನೊಂದು ಕಡೆ, ಪಾಠಕ್ಕೆ ತೂಕದ ಬಟ್ಟು ಸಿಗುತ್ತದೆ. ಯಾವ ಪ್ರಶ್ನೆಗೂ ಬೇಡವಾದ ಪ್ಯಾರಾ ಪಾಠಕ್ಕೂ ಬೇಡ. ಮಕ್ಕಳ ಹೊರೆ ತಗ್ಗಿಸುವ ಬಗ್ಗೆ ಯಶ್ ಪಾಲ್ ಸಮಿತಿ 1993ರಲ್ಲೇ ವರದಿ ಕೊಟ್ಟಿತ್ತು. ಚೀಲದ ತೂಕ ಇಳಿಸಿದ್ದೇವೆ, ಪುಸ್ತಕವನ್ನು ಎರಡು ಭಾಗ ಮಾಡಿದ್ದೇವೆ. ಬೇಡದ ಪ್ಯಾರಾ ತೆಗೆಯಲು ಮಾತ್ರ ಕೈ ಬರುವುದಿಲ್ಲ, ಯಾಕೆಂದರೆ ಅದು ಯಾಕೆ ಬೇಡ ಎಂದು ತೋರಿಸುವ ಪ್ರಶ್ನೆಪಟ್ಟಿಯನ್ನು ಕಟ್ಟಕಡೆಗೆ, ಪುಟ ಉಳಿದರೆ, ಬರೆಯುತ್ತೇವೆ.

12 ಪ್ರಶ್ನೆಗಳಲ್ಲಿ ನಾಲ್ಕು ನೆನಪಿನವು, ಐದು ಅನ್ವಯದವು, ಮೂರು ಆ ಖಚಿತ ತಪ್ಪುಗಳನ್ನು ಬಯಲಿಗೆಳೆಯುವವು ಇರಲಿ. ಲೆಕ್ಕಗಳಿಗೆ ಅಂಕಿ ಆರಿಸುವಾಗ ಬಹಳ ಎಚ್ಚರ ಬೇಕು. ಸುಲಭವಾಗಲಿ ಎಂದು 2 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂದು ಕೇಳುವ ಪುಸ್ತಕಗಳಿವೆ. ಸಮಾಂತರದಲ್ಲಿ ಪ್ರತಿ ರೋಧವನ್ನೂ ತಲೆಕೆಳಗು ಮಾಡಿ (2 ಇದ್ದರೆ ಅರ್ಧ) ಕೂಡಿ, ಬಂದದ್ದನ್ನು ಮತ್ತೆ ತಲೆಕೆಳಗು ಮಾಡಬೇಕು. ಅರ್ಧಕ್ಕೆ ಅರ್ಧ ಕೂಡಿದರೆ 1. ತಲೆಕೆಳಗು ಮಾಡಿದರೂ 1. ತಲೆಕೆಳಗು ಮಾಡುವುದನ್ನೇ ಮರೆತವರಿಗೂ ಸರಿ ಉತ್ತರ ಬಂತು! ತಪ್ಪು ಪರೀಕ್ಷೆಯ ತನಕ ಅಡಗಿಕೊಂಡೇ ಇರುತ್ತದೆ. 3 ಓಮ್ ಮತ್ತು 6 ಓಮ್ ಕೊಟ್ಟು ನೋಡಿ: ಸರಿ ದಾರಿಯಲ್ಲಿ ಹೋದವರಿಗೆ 2, ಮರೆತವರಿಗೆ 0.5. ಸಮಾಂತರ ಜೋಡಣೆಯ ಒಟ್ಟು ರೋಧ ಬಿಡಿ ರೋಧಗಳಲ್ಲಿ ಚಿಕ್ಕದಕ್ಕಿಂತ ಕಡಿಮೆ ಇರಬೇಕು ಎಂದು ಮಾತ್ರ ಹೇಳಿಕೊಟ್ಟರೂ ಸಾಲದು, 0.5 ಕೂಡ ಕಡಿಮೆಯೇ. ಆಗ ಹೆಜ್ಜೆ ನೋಡಲೇಬೇಕಾಗುತ್ತದೆ. ಇಂಥದ್ದು ಪ್ರಶ್ನೆಯ ಜೊತೆಗೇ ಉತ್ತರ, ಅದರ ಪಕ್ಕ ಸಾಧ್ಯವಿರುವ ತಪ್ಪು ಉತ್ತರಗಳನ್ನೂ ಬರೆಯುತ್ತ ಹೋದರಷ್ಟೇ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಆದ ಮೇಲೆ ಬಿಡಿಸಿದ ಉದಾಹರಣೆಗಳು. ಇಲ್ಲಿ ನಮ್ಮ ಪಠ್ಯಗಳು ತೀರಾ ಜಿಪುಣ: ಒಂದು ಲೆಕ್ಕ ಬಿಡಿಸಿ ತೋರಿಸಿ, ಕೂಡಲೇ ಹತ್ತು ಲೆಕ್ಕಗಳನ್ನು ಮಕ್ಕಳ ತಲೆಗೆ ಕಟ್ಟುತ್ತವೆ. ಹೊಸದಾಗಿ ಕಲಿಯುವವರು ಬರೀ ಲೆಕ್ಕ ಬಿಡಿಸುವುದಕ್ಕಿಂತ ಬಿಡಿಸಿದ ಉದಾಹರಣೆಗಳನ್ನು ಅಭ್ಯಾಸ ಮಾಡಿದಾಗ ಬೇಗ ಕಲಿಯುತ್ತಾರೆ ಎಂದು ಆಸ್ಟ್ರೇಲಿಯಾದ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತ ಇಟ್ಟುಕೊಂಡು ತೋರಿಸಿದರು. ಉದಾಹರಣೆಗಳು ಮೂರು ಮೆಟ್ಟಿಲಲ್ಲಿ ಇರಲಿ. ಮೊದಲನೆಯದು ಪೂರ್ತಿ ಬಿಡಿಸಿದ್ದು: 6 ವೋಲ್ಟ್ ಬ್ಯಾಟರಿ, 4 ಮತ್ತು 8 ಓಮ್ ಸರಣಿಯಲ್ಲಿ, ಒಟ್ಟು 12 ಓಮ್, ಪ್ರವಾಹ 0.5 ಆಂಪಿಯರ್, ವಿಭವಾಂತರ 2 ಮತ್ತು 4 ವೋಲ್ಟ್, ಕೂಡಿದರೆ 6. ಎರಡನೆಯದರಲ್ಲಿ ಹೆಜ್ಜೆಗಳಿರಲಿ, ಕೊನೆಯ ಎರಡು ಖಾಲಿ ಇರಲಿ: 9 ವೋಲ್ಟ್, 10 ಮತ್ತು 20 ಓಮ್. ಮೂರನೆಯದು ತಿರುವು ಹಾಕಿದ್ದು: 12 ವೋಲ್ಟ್, ಪ್ರವಾಹ 0.8 ಆಂಪಿಯರ್, ಒಂದು ರೋಧಕ 5 ಓಮ್, ಇನ್ನೊಂದು ಎಷ್ಟು? ಇದರಲ್ಲಿ ಏನನ್ನೂ ಬಿಡಿಸಿ ಕೊಡಬಾರದು. ಪ್ರತಿ ಹೆಜ್ಜೆಯ ಪಕ್ಕ ಯಾಕೆ ಹೀಗೆ ಮಾಡಿದೆವು ಎಂಬ ಅರ್ಧ ಸಾಲಿನ ಕಾರಣ ಬೇಕು. ಪುಟ ಉಳಿಸಲು ಸಂಪಾದಕರು ಮೊದಲು ಕತ್ತರಿಸುವುದು ಇದೇ ಅರ್ಧ ಸಾಲನ್ನು.

ಚಿತ್ರಗಳ ವಿಷಯದಲ್ಲಿ ತಡ ಮತ್ತು ಗುಣಮಟ್ಟ ಒಂದಕ್ಕೊಂದು ಹೆಣೆದುಕೊಂಡಿವೆ. ಪಾಠವೆಲ್ಲ ಮುಗಿದ ಮೇಲೆ 'ಚಿತ್ರ 4.3: ವಿದ್ಯುತ್ ಮಂಡಲ' ಎಂಬ ಪಟ್ಟಿ ಕಲಾವಿದರಿಗೆ ಹೋಗುತ್ತದೆ. ಅವರಿಗೆ ಪಾಠ ಗೊತ್ತಿಲ್ಲ. ಚೆಂದದ ಬ್ಯಾಟರಿ ಬರೆದು, ತಂತಿಯನ್ನು ಎಲ್ಲೋ ಮುಗಿಸುತ್ತಾರೆ. ತಿದ್ದಲು ಹೊತ್ತಿಲ್ಲದೆ ಹಳೆಯ ಪುಸ್ತಕದ್ದೋ ಜಾಲತಾಣದ್ದೋ ಚಿತ್ರ ಅಂಟಿಸುತ್ತಾರೆ. ಪೆನ್ಸಿಲ್ಲಿನಲ್ಲಿ ಕೈಯಾರೆ ಗೀಚಿದ ನಕ್ಷೆ ಪಾಠದ ಮೊದಲ ಕರಡಿನ ಜೊತೆಗೇ ಹೋಗಬೇಕು, ಯಾವುದನ್ನು ದೊಡ್ಡದು ಮಾಡಬೇಕು, ಯಾವುದು ಬೇಡವೇ ಬೇಡ ಎಂಬ ಟಿಪ್ಪಣಿ ಸಮೇತ. ಹೆಸರುಗಳು ಚಿತ್ರದ ಮೇಲೆಯೇ ಇರಲಿ. ಅ, ಆ, ಇ ಎಂದು ಗುರುತಿಟ್ಟು ಕೆಳಗೆ ಪಟ್ಟಿ ಕೊಟ್ಟರೆ ಕಣ್ಣು ಮೇಲೆ ಕೆಳಗೆ ಓಡಾಡುತ್ತದೆ, ಅರ್ಥ ಮಾಡಿಕೊಳ್ಳಲು ಬೇಕಿದ್ದ ಗಮನವೆಲ್ಲ ಹುಡುಕುವುದರಲ್ಲೇ ತೀರಿಹೋಗುತ್ತದೆ. ಚಿತ್ರ ಮತ್ತು ಅದರ ವಿವರಣೆ ಒಂದು ಹಾಳೆಯ ಎರಡು ಮಗ್ಗುಲಿಗೆ ಬಿದ್ದರೆ ಆ ಚಿತ್ರ ಇದ್ದೂ ಇಲ್ಲದಂತೆ. ಇದನ್ನು ಪುಟವಿನ್ಯಾಸದ ಹಂತದಲ್ಲಿ ಲೇಖಕರು ಕೂತು ನೋಡದೆ ಬೇರೆ ಯಾರೂ ನೋಡುವುದಿಲ್ಲ.

'ನಿಮಗಿದು ಗೊತ್ತೆ?' ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಸಮಿತಿಗಳಿಗೆ ಇವು ಅಚ್ಚುಮೆಚ್ಚು. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠಕ್ಕೆ, ಮಿಂಚು ಬಡಿದವರ ರೋಚಕ ಸಂಗತಿಗಳನ್ನು ಸೇರಿಸಿದಾಗ ಓದಿದವರು ಮುಖ್ಯ ಹೆಜ್ಜೆಗಳನ್ನು ಕಡಿಮೆ ನೆನಪಿಟ್ಟುಕೊಂಡರು ಎಂದು ಹಾರ್ಪ್ ಮತ್ತು ಮೇಯರ್ 1998ರಲ್ಲಿ ತೋರಿಸಿದ್ದಾರೆ. ಪೆಟ್ಟಿಗೆ ಪಾಠದ ಕಾರ್ಯಕಾರಣಕ್ಕೆ ಕೊಂಡಿಯಾಗುವುದಾದರೆ ಇರಲಿ. 17ನೆಯ ಶತಮಾನದ ವಿಜ್ಞಾನಿ ವ್ಯಾನ್ ಹೆಲ್ಮಾಂಟ್ ಕುಂಡದ ಗಿಡಕ್ಕೆ ಐದು ವರ್ಷ ನೀರೆರೆದು, ಮಣ್ಣು ಹೆಚ್ಚುಕಡಿಮೆ ಹಾಗೇ ಉಳಿದಿರುವಾಗ ಗಿಡ ಮಾತ್ರ 70 ಕಿಲೋ ದಾಟಿ ಬೆಳೆದದ್ದನ್ನು ತೂಗಿ ನೋಡಿದ ಸಂಗತಿ ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಪೆಟ್ಟಿಗೆಗೆ ಹೋಗಬಾರದು, ಪಾಠವೇ ಅಲ್ಲಿಂದ ಶುರುವಾಗಬೇಕು. ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂಬ ಮಕ್ಕಳ ಗಟ್ಟಿ ನಂಬಿಕೆಗೆ ಅಷ್ಟು ಚೆನ್ನಾಗಿ ಪೆಟ್ಟು ಕೊಡುವುದು ಬೇರೊಂದಿಲ್ಲ. ಹೆಲ್ಮಾಂಟ್ ಎಲ್ಲವೂ ನೀರಿನಿಂದಲೇ ಬಂತು ಎಂದು ತಪ್ಪಾಗಿ ತೀರ್ಮಾನಿಸಿದ್ದೂ ಒಳ್ಳೆಯದೇ ಆಯಿತು. ಮುಂದಿನ ಪ್ರಶ್ನೆ ಅಲ್ಲೇ ಸಿದ್ಧವಾಗಿದೆ.

ಓದಿದ್ದನ್ನು ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಹೆಚ್ಚು ಕಾಲ ನಿಲ್ಲುತ್ತದೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಶೇಕಡ 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ನೆನಪು ಮಾಡಿಕೊಂಡವರು 56, ಮತ್ತೆ ಓದಿದವರು 42. ಆದ್ದರಿಂದ ಎರಡು ಮೂರು ಪುಟಕ್ಕೊಮ್ಮೆ 'ಪುಸ್ತಕ ಮುಚ್ಚಿ, ಹೇಳಿ' ಎಂಬ ಎರಡು ಪ್ರಶ್ನೆ ಇರಲಿ, ಅದರ ಉತ್ತರ ಅದೇ ಪುಟದಲ್ಲಿ ಕಾಣದಿರಲಿ. ಪಾಠದ ಕೊನೆಯ 12 ಪ್ರಶ್ನೆಗಳಲ್ಲದೆ, ಹಿಂದಿನ ಪಾಠಗಳಿಂದ ಆರಿಸಿದ ನಾಲ್ಕನ್ನು ನಡುನಡುವೆ ಬೆರೆಸಿಡಿ. ಒಂದೇ ಬಗೆಯ ಲೆಕ್ಕಗಳು ಸಾಲಾಗಿ ನಿಂತರೆ ಯಾವ ಸೂತ್ರ ಬಳಸಬೇಕು ಎಂದು ಯೋಚಿಸುವ ಕೆಲಸವೇ ತಪ್ಪುತ್ತದೆ. ಪರೀಕ್ಷೆಯಲ್ಲಿ ಬೇಕಾಗುವುದು ಆ ಯೋಚನೆಯೇ.

ಈಗ ಗದ್ಯ. ಇದು ಇಷ್ಟು ಹಿಂದೆ ಬಂದದ್ದು ಬೇಕೆಂದೇ. ಬರೆಯುವಾಗಲೂ ಇದರ ಸರದಿ ಇಲ್ಲೇ ಬರಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್ ಪುಸ್ತಕ ಎದುರಿಗಿಟ್ಟು ಬರೆದಾಗ ವಿವರಗಳೆಲ್ಲ ನಾಮಪದದ ಮುಂದೆ ಸಾಲುಗಟ್ಟಿ ನಿಂತು, ಓದುವವರು ಕೊನೆಯ ತನಕ ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಡೆಯಬೇಕಾಗುತ್ತದೆ. 'ಬ್ಯಾಟರಿಯ ಧನ ತುದಿಗೆ ಜೋಡಿಸಲ್ಪಟ್ಟಿರುವ ಮತ್ತು ಸ್ವಿಚ್ಚಿನ ಮೂಲಕ ಹಾದು ಋಣ ತುದಿಯನ್ನು ತಲುಪುವ ತಂತಿಯಲ್ಲಿ ಸರಣಿಯಲ್ಲಿ ಅಳವಡಿಸಲಾದ ಅಮ್ಮೀಟರ್ ಸೂಚಿಸುವ ಅಳತೆಯನ್ನು ದಾಖಲಿಸಲಾಗುತ್ತದೆ.' ಇದನ್ನು ತುಂಡು ಮಾಡೋಣ. ಬ್ಯಾಟರಿಯ ಧನ ತುದಿಯಿಂದ ಸ್ವಿಚ್ಚಿಗೆ ತಂತಿ ಜೋಡಿಸಿ. ಸ್ವಿಚ್ಚಿನಿಂದ ಅಮ್ಮೀಟರಿಗೆ. ಅಮ್ಮೀಟರಿನಿಂದ ಬಲ್ಬಿಗೆ. ಬಲ್ಬಿನಿಂದ ಬ್ಯಾಟರಿಯ ಋಣ ತುದಿಗೆ. ಸ್ವಿಚ್ ಹಾಕಿ, ಅಮ್ಮೀಟರ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಮೊದಲ ವಾಕ್ಯದಲ್ಲಿ ಬಲ್ಬೇ ಇರಲಿಲ್ಲ ಎಂಬುದು ತುಂಡು ಮಾಡಿದಾಗಲೇ ಗೊತ್ತಾಗುವುದು. ಆ ವಾಕ್ಯ ನಂಬಿ ಜೋಡಿಸಿದರೆ ಪ್ರಯೋಗಾಲಯದ ಅಮ್ಮೀಟರ್ ಸುಟ್ಟೀತು.

ವಾಕ್ಯಕ್ಕೆ ಹತ್ತರಿಂದ ಹನ್ನೆರಡು ಪದ ದಾಟದಿರಲಿ ಎಂಬುದು ಪ್ರೌಢಶಾಲೆಯ ಪಠ್ಯಕ್ಕೆ ಒಳ್ಳೆಯ ಅಂದಾಜು. ಇಂಗ್ಲಿಷಿಗಾಗಿ ಮಾಡಿದ ಓದುಸುಲಭತೆಯ ಸೂತ್ರಗಳನ್ನು ಕನ್ನಡಕ್ಕೆ ಹಾಕಬೇಡಿ. ಅವು ಪದದ ಉದ್ದ ಎಣಿಸುತ್ತವೆ. ನಮ್ಮಲ್ಲಿ 'ಮಾಡಿಕೊಳ್ಳುತ್ತಿರುವವರಿಗೆ' ಎಂಬಷ್ಟು ಉದ್ದದ ಪದವೂ ಆಡುಮಾತಿನದೇ. ಪಾರಿಭಾಷಿಕ ಪದಗಳ ಬಗ್ಗೆ ನಿಯಮ ಒಂದೇ: ಎಲ್ಲ ಲೇಖಕರ ಕೈಯಲ್ಲೂ ಒಂದೇ ಪದಪಟ್ಟಿ ಇರಬೇಕು, ಮೊದಲ ದಿನದಿಂದ. ಸರ್ಕ್ಯೂಟಿಗೆ ಮೂರನೆಯ ಪಾಠದವರು ಮಂಡಲ, ಐದನೆಯ ಪಾಠದವರು ಪರಿಪಥ ಎಂದು ಬರೆದರೆ ಮಕ್ಕಳು ಎರಡು ಬೇರೆ ವಸ್ತುಗಳೆಂದುಕೊಳ್ಳುತ್ತಾರೆ. ಯಾವ ಪದ ಶುದ್ಧ ಎಂಬ ವಾದಕ್ಕೆ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಹೊತ್ತು ಕೊಡಬೇಡಿ. ಬರವಣಿಗೆ ಮುಂದೂಡಲು ಅದಕ್ಕಿಂತ ಗೌರವಯುತ ನೆಪ ಇನ್ನೊಂದಿಲ್ಲ.

ಟೈಪಿಂಗ್ ಕೂಡ ಮೊದಲ ದಿನವೇ ತೀರ್ಮಾನವಾಗಬೇಕು. ಒಬ್ಬರು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ, ಇನ್ನೊಬ್ಬರು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಪರಿವರ್ತನೆಯಲ್ಲಿ ಒತ್ತಕ್ಷರ ಕೆಡುತ್ತವೆ, ನಡುವೆ ಬಂದ ಇಂಗ್ಲಿಷ್ ಚಿಹ್ನೆ ಮತ್ತು ಸೂತ್ರಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಗಣಿತದ ಪಾಠದಲ್ಲಿ ಇದರ ಕರಡು ತಿದ್ದುವುದೆಂದರೆ ಮತ್ತೆ ಬರೆದಂತೆಯೇ. ಎಲ್ಲರೂ ಯೂನಿಕೋಡ್ ಎಂದು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಕನ್ನಡದ ಒತ್ತುಗಳು ಕೆಳಗಿಳಿಯುವುದರಿಂದ 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಿನಂತರ ಇಟ್ಟರೆ ಓದಲು ಹಿತ. ಕಿರಿದಾದ ಅಂಕಣದಲ್ಲಿ ಎರಡೂ ಅಂಚು ಸಮ ಮಾಡಹೊರಟರೆ ನಮ್ಮ ಉದ್ದ ಪದಗಳ ನಡುವೆ ಹಳ್ಳ ಬೀಳುತ್ತದೆ. ಬಲಗಡೆ ಬಿಟ್ಟುಬಿಡುವುದೇ ಮೇಲು.

ಇನ್ನು ಕೂತು ಬರೆಯುವ ಲೆಕ್ಕ. 12 ಪುಟದ ಒಂದು ಅಧ್ಯಾಯವನ್ನು ಸುಮಾರು 20 ತುಣುಕು ಮಾಡಬಹುದು. ತುಣುಕೆಂದರೆ ಒಂದು ಉದಾಹರಣೆ, ಅಥವಾ ಒಂದು ಚಟುವಟಿಕೆಯ ಹೆಜ್ಜೆಗಳು, ಅಥವಾ ಒಂದು ಚಿತ್ರ ಮತ್ತು ಅದರ ಸುತ್ತಲಿನ 150 ಪದ. 40 ನಿಮಿಷಕ್ಕೆ ಒಂದು ತುಣುಕಿನ ಕರಡು ಆಗುತ್ತದೆ. ವಾರಕ್ಕೆ ಐದು ಸಲ ಕೂತರೆ ನಾಲ್ಕು ವಾರಕ್ಕೆ ಅಧ್ಯಾಯದ ಕರಡು, ಮಕ್ಕಳ ಮುಂದಿಟ್ಟು ತಿದ್ದಲು ಇನ್ನು ನಾಲ್ಕು. 12 ಅಧ್ಯಾಯಗಳ ಪುಸ್ತಕಕ್ಕೆ ನಾಲ್ವರು ಲೇಖಕರಿದ್ದರೆ ತಲಾ ಮೂರು, ಅಂದರೆ 24 ವಾರ. ಅದಕ್ಕೆ ಅರ್ಧ ಸೇರಿಸಿ 36 ವಾರ ಎಂದು ಇಟ್ಟುಕೊಳ್ಳಿ. ಚುನಾವಣೆ ಕೆಲಸ, ಜನಗಣತಿ, ಮೌಲ್ಯಮಾಪನ ಎಲ್ಲವೂ ಆ ಅರ್ಧದಲ್ಲೇ ಬಂದುಹೋಗುತ್ತವೆ. ಸಂಪಾದನೆ, ಚಿತ್ರ, ಪುಟವಿನ್ಯಾಸ, ಕರಡು ತಿದ್ದುವುದಕ್ಕೆ ಮತ್ತೆ ಮೂರು ನಾಲ್ಕು ತಿಂಗಳು. ಜನವರಿಗೆ ಕಡತ ಮುದ್ರಣಕ್ಕೆ ಹೋಗಬೇಕಾದರೆ ನೀಲನಕ್ಷೆ ಹಿಂದಿನ ಜನವರಿಯಲ್ಲೇ ಸಿದ್ಧವಿರಬೇಕು. ಇದಕ್ಕಿಂತ ಕಡಿಮೆ ಅವಧಿ ಬರೆದ ಆದೇಶ ನೋಡಿದರೆ ಕೊನೆಯ ಮೂರು ಪಾಠಗಳು ತೆಳ್ಳಗಿರುತ್ತವೆ ಎಂದು ಈಗಲೇ ಹೇಳಿಬಿಡಬಹುದು.

'ಬೇಸಿಗೆ ರಜೆಯಲ್ಲಿ ಒಟ್ಟಿಗೆ ಕೂತು ಮುಗಿಸಿಬಿಡುತ್ತೇನೆ' ಎಂಬ ಮಾತು ಕೇಳಲು ಚೆಂದ. ಅಮೆರಿಕದ ರಾಬರ್ಟ್ ಬಾಯ್ಸ್ ಕಾಲೇಜು ಅಧ್ಯಾಪಕರ ಮೂರು ಗುಂಪುಗಳನ್ನು ಗಮನಿಸಿ 1989ರಲ್ಲಿ ಬರೆದದ್ದು ಹೀಗಿದೆ: ತಮ್ಮ ಎಂದಿನ ರೂಢಿಯಂತೆ ಬರೆದವರಿಂದ ವರ್ಷಕ್ಕೆ ಸರಾಸರಿ 17 ಪುಟ, ದಿನವೂ ಸ್ವಲ್ಪ ಬರೆದು ದಾಖಲೆ ಇಟ್ಟವರಿಂದ 64, ಆ ದಾಖಲೆಯನ್ನು ಇನ್ನೊಬ್ಬರಿಗೆ ವಾರವಾರವೂ ಒಪ್ಪಿಸಿದವರಿಂದ 157. ಗುಂಪು ಚಿಕ್ಕದು, ದಿನಾ ಬರೆಯದೆಯೂ ಚೆನ್ನಾಗಿ ಬರೆಯುವವರಿದ್ದಾರೆ. ಈ ಅಂಕಿಗಳನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ನಮಗೆ ಮುಖ್ಯವೆನಿಸಿದ್ದು ಕೊನೆಯ ಜಿಗಿತ: ಕೇಳುವವರೊಬ್ಬರು ಇರುವುದು. ಪ್ರತಿ ಶನಿವಾರ ಇಬ್ಬರು ಲೇಖಕರು ಆ ವಾರದ ತುಣುಕುಗಳನ್ನು ಅದಲು ಬದಲು ಮಾಡಿಕೊಂಡರೆ ಸಾಕು. ತಿದ್ದಿ ಕೊಡಬೇಕೆಂದಿಲ್ಲ, ಬಂತೋ ಇಲ್ಲವೋ ನೋಡಿದರೆ ಸಾಕು.

ಬರೆಯಲು ಕೂತಾಗ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು ಇಸವಿಯೋ ಅಳತೆಯೋ ಬೇಕಾಗಿ ಪುಸ್ತಕ ತೆರೆದರೆ ಆ 40 ನಿಮಿಷ ಓದಿನಲ್ಲೇ ಹೋಗುತ್ತದೆ. ಅಲ್ಲಿ ಕೆಂಪಕ್ಷರದಲ್ಲಿ 'ನೋಡಬೇಕು' ಎಂದು ಬರೆದು ಮುಂದೆ ಹೋಗಿ. ನೋಡುವುದಕ್ಕೆ ವಾರದಲ್ಲಿ ಬೇರೆಯೇ ಒಂದು ಹೊತ್ತು ಇಡಿ. ಇನ್ನೊಂದು, ಬರೆಯುವಾಗ ಕಣ್ಣ ಮುಂದೆ ಬರುವ ಓದುಗರು ಯಾರು ಎಂಬುದು. ಬಹುತೇಕರಿಗೆ ಬರುವುದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಪರಿಶೀಲನಾ ಸಮಿತಿಯ ಹಿರಿಯರು. ಅವರಿಗೆ ಹೆದರಿ ಪ್ರತಿ ವಾಕ್ಯಕ್ಕೂ ಮೂರು ವಿನಾಯಿತಿ ಸೇರಿಸಿ, ವ್ಯಾಖ್ಯೆಯನ್ನು ಬಿಗಿ ಮಾಡಿ, ಕೊನೆಗೆ ಬರೆಯುವುದೇ ನಿಂತುಹೋಗುತ್ತದೆ. ಆ ಹಳೆಯ ಉತ್ತರ ಪತ್ರಿಕೆಗಳಲ್ಲಿ ಶೇಕಡ 35 ಅಂಕ ಬಂದದ್ದೊಂದನ್ನು ಎದುರಿಗಿಟ್ಟುಕೊಳ್ಳಿ. ಹಿರಿಯರಿಗಾಗಿ ಬಿಗಿ ಮಾಡುವ ಕೆಲಸ ಕೊನೆಯ ಸುತ್ತಿನದು. ಏಳುವ ಮೊದಲು ನಾಳೆಯ ತುಣುಕಿನ ಮೊದಲ ಸಾಲು ಬರೆದಿಟ್ಟು ಎದ್ದರೆ ಮರುದಿನ ಕೂರುವುದು ಸುಲಭ.

2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟ ಮೇಲೆ ತಾಂತ್ರಿಕ ಪುಸ್ತಕಗಳಿಗೆ ಯಂತ್ರಾನುವಾದದ ಮೊರೆ ಹೋಗುವುದು ಹೆಚ್ಚಾಗಿದೆ. ಖಾಲಿ ಹಾಳೆಯ ಭಯ ಅದರಿಂದ ಹೋಗುತ್ತದೆ ನಿಜ. ಆದರೆ ಮೇಲೆ ಹೇಳಿದ ಬಲ್ಬಿಲ್ಲದ ವಾಕ್ಯದಂಥವು ರಾಶಿಯಾಗಿ ಬರುತ್ತವೆ. ತಿದ್ದುವವರಿಗೆ ಪದ ತಿದ್ದಲು ಹಣ ಕೊಡುತ್ತೇವೆ. ವಾಕ್ಯ ಒಡೆಯಲು, ಉದಾಹರಣೆ ಬದಲಿಸಲು ಕೊಡುವುದಿಲ್ಲ.

ಮಕ್ಕಳ ಮುಂದಿಟ್ಟು ನೋಡುವುದಕ್ಕೆ ದೊಡ್ಡ ಸಮೀಕ್ಷೆ ಬೇಡ. ಐದಾರು ಮಕ್ಕಳು ಸಾಕು, ಅವರಲ್ಲಿ ಜಾಣರು ಇಬ್ಬರಿಗಿಂತ ಹೆಚ್ಚು ಬೇಡ. ಒಬ್ಬೊಬ್ಬರೇ ಗಟ್ಟಿಯಾಗಿ ಓದಲಿ, ಹೇಳಿದಂತೆ ಮಾಡಲಿ. ಲೇಖಕರು ಬಾಯಿ ಬಿಡದೆ ಕೂತು, ಎಲ್ಲಿ ಎರಡನೆಯ ಸಲ ಓದಿದರು, ಎಲ್ಲಿ ಚಿತ್ರ ಬಿಟ್ಟು ಮುಂದೆ ಹೋದರು ಎಂದು ಅಂಚಿನಲ್ಲಿ ಗುರುತು ಹಾಕಬೇಕು. ಬಾಯಿ ಬಿಡದಿರುವುದೇ ಕಷ್ಟ. ವಿವರಿಸಿಬಿಟ್ಟರೆ ಪರೀಕ್ಷೆಗೆ ಒಳಗಾದದ್ದು ನಿಮ್ಮ ಮಾತು, ಪುಸ್ತಕವಲ್ಲ. ಪ್ರತಿ ಐದನೆಯ ಪದವನ್ನು ಅಳಿಸಿ ತುಂಬಲು ಹೇಳುವ ವಿಧಾನವೂ ಇದೆ, 1953ರಿಂದ ಬಳಕೆಯಲ್ಲಿದೆ. ಕನ್ನಡದಲ್ಲಿ ಅದನ್ನು ಮಾಡುವಾಗ ಪ್ರತ್ಯಯ ತಪ್ಪಿದ್ದರೂ ಪದ ಸರಿಯಿದ್ದರೆ ಅಂಕ ಕೊಡಿ.

ಪರಿಶೀಲನಾ ಸಮಿತಿಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1964ರಲ್ಲಿ ಕ್ಯಾಲಿಫೋರ್ನಿಯಾದ ಪಠ್ಯ ಆಯ್ಕೆ ಸಮಿತಿಯಲ್ಲಿದ್ದಾಗ, ಒಂದು ಮಾಲೆಯ ಮೂರನೆಯ ಪುಸ್ತಕ ಸಕಾಲಕ್ಕೆ ಮುಗಿಯದೆ ಪ್ರಕಾಶಕರು ರಟ್ಟಿನೊಳಗೆ ಬರೀ ಖಾಲಿ ಹಾಳೆ ಇಟ್ಟು ಕಳಿಸಿದ್ದರು. ಕೆಲವು ಸದಸ್ಯರು ಅದಕ್ಕೂ ಅಂಕ ಕೊಟ್ಟಿದ್ದರು, ಅದೂ ಉಳಿದೆರಡಕ್ಕಿಂತ ತುಸು ಹೆಚ್ಚೇ. ಇದಕ್ಕೆ ಮದ್ದು ಸರಳ: ಪರಿಶೀಲಕರು ಅಭಿಪ್ರಾಯದ ಜೊತೆಗೆ ಪಾಠದ ಕೊನೆಯ 12 ಪ್ರಶ್ನೆಗಳನ್ನು ಪಾಠದಲ್ಲಿರುವಷ್ಟೇ ತಿಳಿವಳಿಕೆಯಿಂದ ಬಿಡಿಸಿ ಸಹಿ ಹಾಕಿ ಕೊಡಲಿ.

ಇಲಾಖೆ ಮತ್ತು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದದ್ದಿದೆ. ಗೌರವಧನವನ್ನು ಪುಸ್ತಕ ಬಂದ ಮೇಲೆ ಒಟ್ಟಿಗೆ ಕೊಡುವ ಬದಲು ನೀಲನಕ್ಷೆಗೆ ಒಂದು ಪಾಲು, ಮೊದಲ ಐದು ತುಣುಕಿಗೆ ಒಂದು ಪಾಲು, ಮಕ್ಕಳ ಮುಂದಿಟ್ಟ ಗುರುತುಗಳಿರುವ ಕರಡಿಗೆ ಒಂದು ಪಾಲು ಎಂದು ಹಂಚಲಿ. ಮೊದಲ ಐದು ತುಣುಕು ಎರಡು ತಿಂಗಳಲ್ಲಿ ಬರದಿದ್ದರೆ ಆ ಅಧ್ಯಾಯವನ್ನು ಆಗಲೇ ಇನ್ನೊಬ್ಬರಿಗೆ ವಹಿಸಬಹುದು, ಮುದ್ರಣದ ಹಿಂದಿನ ವಾರದವರೆಗೆ ಫೋನು ಮಾಡುತ್ತ ಕೂರಬೇಕಾಗಿಲ್ಲ. ಬೆಂಗಳೂರಿನಲ್ಲಿ ನಡೆಯುವ ಐದು ದಿನದ ಕಾರ್ಯಾಗಾರದಲ್ಲಿ ಮೊದಲ ದಿನ ಉದ್ಘಾಟನೆಗೆ, ಕೊನೆಯ ದಿನ ಟಿಎ, ಡಿಎ ಬಿಲ್ಲಿಗೆ ಹೋಗುತ್ತದೆ. ಅದೇ ಐದು ದಿನದ ಓಓಡಿಯನ್ನು (ಬೇರೆ ಕರ್ತವ್ಯಕ್ಕೆ ಕೊಡುವ ಬಿಡುವು) ಹತ್ತು ವಾರ, ವಾರಕ್ಕೆ ಅರ್ಧ ದಿನದಂತೆ ಅವರವರ ಊರಲ್ಲೇ ಕೊಡಲಿ. ಅಚ್ಚಾದ ಮೇಲೆ ಬರುವ ತಪ್ಪುಗಳಿಗೆ ಪುಟ, ಸಾಲು, ಇರುವುದು, ಇರಬೇಕಾದದ್ದು ಎಂಬ ನಾಲ್ಕು ಕಲಮಿನ ಪಟ್ಟಿಯನ್ನು ಶಿಕ್ಷಕರಿಂದ ಡಿಸೆಂಬರ್ ಒಳಗೆ ತರಿಸಿಕೊಂಡರೆ ಮರುಮುದ್ರಣಕ್ಕೆ ಸಿಗುತ್ತದೆ. ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿದರೆ ಸಿಗುವುದಿಲ್ಲ.

ಇಂತಿ,
ಪಠ್ಯ ರಚನೆಯಲ್ಲಿ ತೊಡಗಿರುವ ಕೆಲವು ವಿಜ್ಞಾನ ಮತ್ತು ಗಣಿತ ಅಧ್ಯಾಪಕರು